ಜಪಾನಿನ ಪಾಠ, ಶಾಂತವ್ವನ ಪೊರಕೆ

ಗೊತ್ತಿಲ್ಲದ್ದನ್ನು ಕಲಿಸಲು ನಾವು ಮೇಷ್ಟ್ರುಗಳು ಎಂದೂ ಹೆದರಿದವರಲ್ಲ. ಹೆದರಿಕೆಯೆಲ್ಲ ಕೂತು ಕಲಿಯುವುದಕ್ಕೆ. ಮುಂಬೈಯ ವಿಲೆ ಪಾರ್ಲೆಯಲ್ಲಿರುವ ನಮ್ಮ ಕಾಲೇಜಿನಲ್ಲಿ, ಯಾವ ವಿಷಯದವರೇ ಆಗಲಿ, ಜಪಾನಿನ ಸಂಸ್ಕೃತಿ ಕಲಿಸಲು ತರಬೇತಿ ಪಡೆದು ಒಂದು ಮಾದರಿ ಪಾಠ ಮಾಡಬೇಕೆಂದು ನೋಟಿಸು ಬಂದಾಗ ಕೆಮಿಸ್ಟ್ರಿಯವನಾದ ನಾನು ತಪ್ಪಿಸಿಕೊಳ್ಳಲು ದಾರಿ ಹುಡುಕಿದೆ. ಗಣಿತದ ಮೇಡಂ ಕಾಗದದ ಕೊಕ್ಕರೆ ಮಡಚಿ ಕೋನ ಅಳೆದರು. ಇತಿಹಾಸದವರಿಗೆ ಹೇಗೂ ರಾಜರಿದ್ದರು. ಕೊನೆಗೆ ನನಗೆ ಸಿಕ್ಕಿದ್ದು, ಜಪಾನಿನ ಶಾಲೆಗಳಲ್ಲಿ ಮಕ್ಕಳೇ ತಮ್ಮ ಕ್ಲಾಸು ಗುಡಿಸಿ ಒರೆಸುತ್ತಾರೆಂಬ ಸಂಗತಿ. ಸೋಪಿನ ರಸಾಯನಶಾಸ್ತ್ರ ಸೇರಿಸಿದರೆ ಪಾಠ ಸಿದ್ಧ! ಇಷ್ಟು ಹೊಳೆದವನು ಎಂದಾದರೂ ಪೊರಕೆ ಹಿಡಿದಿದ್ದಾನೆಯೇ ಎಂದು ಕೇಳಬೇಡಿ. ಪೊರಕೆ ಹತ್ತಿರ ಬಂದಾಗ ಕಾಲೆತ್ತಿ ಕೂರುವುದೇ ಗಂಡಸರು ಮಾಡುವ ಸಹಾಯವೆಂದು ನಮ್ಮಜ್ಜ ತೋರಿಸಿಕೊಟ್ಟಿದ್ದರು.

ಪ್ರಿನ್ಸಿಪಾಲರು ಹಿಗ್ಗಿ, "ಚೆನ್ನಾಗಿ ಬಂದರೆ ಇಡೀ ಕಾಲೇಜಿಗೇ ತರೋಣ" ಅಂದರು. ಮರುದಿನ ಕಾರಿಡಾರಿನಲ್ಲಿ ಶಾಂತವ್ವ ಅಡ್ಡ ನಿಂತಳು. ವಿಜಯಪುರದ ಕಡೆಯವಳು; ಹದಿನೆಂಟು ವರ್ಷದಿಂದ ನಮ್ಮ ಮಹಡಿ ಗುಡಿಸುವವಳು, ಇಂದಿಗೂ ಕಾಂಟ್ರಾಕ್ಟಿನ ಮೇಲೆ.

"ಏನ್ರಿ ಸರ್, ಜಪಾನದಾವ್ರಿಗೆ ನನ್ನ ಕೆಲಸಾನ ಬೇಕಾಗಿತ್ತೇನ್ರಿ?"

"ಅಯ್ಯೋ, ಅದು ಬರೀ ಪಾಠ ಶಾಂತವ್ವ."

"ಹುಡುಗ್ರು ಕಸಾ ಹೊಡದ್ರ ನಾ ಯಾಕ ಬೇಕ್ರಿ? ಕಾಂಟ್ರಾಕ್ಟರ್ ನಾಳಿಂದ ಬರಬ್ಯಾಡ ಅಂತಾನ. ನಿಮ್ದು ಪಾಠ ಮುಗೀತೈತ್ರಿ, ನಂದು ಕೆಲಸಾನ ಮುಗೀತೈತಿ."

ಅಂದು ಬೊರಿವಲಿ ಲೋಕಲ್ ರೈಲಿನಲ್ಲಿ ಸೀಟು ಸಿಕ್ಕರೂ ಕೂರಲು ಮನಸ್ಸಾಗಲಿಲ್ಲ. ಮುಂಬೈಯವನು ಇದಕ್ಕಿಂತ ದೊಡ್ಡ ಪಶ್ಚಾತ್ತಾಪ ಪಡಲಾರ.

ಪಾಠದ ದಿನ ಶಾಂತವ್ವನನ್ನೇ ಮುಂದೆ ನಿಲ್ಲಿಸಿ, "ಈ ವಿದ್ಯೆಗೆ ಗುರು ಇವರು. ಇವರಿಲ್ಲದೆ ಈ ಪಾಠವಿಲ್ಲ" ಅಂದೆ. ಮಕ್ಕಳು ಜಪಾನಿನವರ ಹಾಗೆ ಸೊಂಟ ಬಾಗಿಸಿ ವಂದಿಸಿದರು. ಅವಳು ಸೆರಗು ಸಿಕ್ಕಿಸಿಕೊಂಡು, ಮೊದಲು ಫ್ಯಾನು ಆರಿಸಬೇಕೆಂದೂ, ಒರೆಸುತ್ತಾ ಬಾಗಿಲ ಕಡೆಗೆ ಹಿಂದೆ ಸರಿಯಬೇಕೆಂದೂ ಖಡಕ್ ಹಿಂದಿಯಲ್ಲಿ ಕಲಿಸಿದಳು. ನನ್ನ ಕ್ಲಾಸಿನಲ್ಲಿ ಅಷ್ಟು ನಿಶ್ಶಬ್ದ ನಾನು ಕೇಳಿರಲೇ ಇಲ್ಲ. ಪ್ರಿನ್ಸಿಪಾಲರು ಅಲ್ಲೇ, ಶನಿವಾರ ಶಾಂತವ್ವ ಮಕ್ಕಳಿಗೆ ಕಲಿಸಲಿ, ಉಳಿದ ದಿನ ಅವಳ ಕೆಲಸ ಅವಳದೇ ಎಂದು ಬರೆದು ಸಹಿ ಹಾಕಿದರು.

ನಾನು ಬೀಗುತ್ತಿದ್ದಾಗ ನಮಗೆ ತರಬೇತಿ ಕೊಟ್ಟ ಮೇಡಂ ನಗುತ್ತಾ, "ಜಪಾನಿನಲ್ಲಿ ಮೇಷ್ಟ್ರೂ ಮಕ್ಕಳ ಜೊತೆ ಗುಡಿಸ್ತಾರೆ ಸರ್" ಅಂದರು. ಉಳಿದವರಿಗೆಲ್ಲ ಆ ವಾರವೇ ಸರ್ಟಿಫಿಕೇಟು ಬಂತು. ನನ್ನದಕ್ಕೆ ಮಾತ್ರ ಶಾಂತವ್ವ ಒಪ್ಪಬೇಕಂತೆ. ಮಕ್ಕಳ ಜೊತೆ ನಾನೂ ಪೊರಕೆ ಹಿಡಿದು ನಾಲ್ಕು ಶನಿವಾರ ಕಳೆದವು. ಅವಳು ಬೆಂಚಿನ ಕೆಳಗೆ ಬಗ್ಗಿ ನೋಡಿ, "ಮೂಲ್ಯಾಗಿಂದು ಬಿಟ್ರಿ ಸರ್" ಅನ್ನುತ್ತಾಳೆ. "ಇರ್ಲಿ ಬಿಡ್ರಿ, ಹುಡುಗ್ರು ಶಾಣ್ಯಾ ಅದಾರ. ನಿಮಗ ಇನ್ನೊಂದ್ ವರ್ಷ ಬೇಕ."