ತೊಳೆದಿಟ್ಟ ಸೀಸಿ

ಅಮರನಾಥ ಚಹಾ ಕುಡಿದು ಬರುವಷ್ಟರಲ್ಲಿ ಲ್ಯಾಬಿನ ಮೇಜಿನ ಮೇಲಿದ್ದ ಹೆಬ್ಬೆರಳುದ್ದದ ಸೀಸಿಯನ್ನು ಕಸ ಗುಡಿಸುವ ಬಂಡಮ್ಮ ತೊಳೆದು ಬೋರಲು ಹಾಕಿದ್ದಳು.

"ಅದ್ರಾಗ ಔಷಧ ಇತ್ತಲ್ಲ ಬಂಡಮ್ಮ!"

"ಏನೂ ಇದ್ದಿಲ್ರಿ. ಬೆಳಕಿಗಿ ಹಿಡ್ದು ನೋಡೀನಿ."

ಎರಡು ಮಿಲಿಗ್ರಾಂ ಪುಡಿ ಗಾಜಿಗೆ ಅಂಟಿದರೆ ಯಾರ ಕಣ್ಣಿಗೂ ಕಾಣುವುದಿಲ್ಲ. ಅದು ಇನ್ಹಿಬಿಟರ್, ಕ್ಯಾನ್ಸರ್ ಜೀವಕೋಶದೊಳಗಿನ ಒಂದು ಕಿಣ್ವವನ್ನು ಹಿಡಿದು ಬೆಳವಣಿಗೆ ನಿಲ್ಲಿಸುವ ರಾಸಾಯನಿಕ. ಕಂಪನಿಯಿಂದ ಇದರ ಜೊತೆಗೇ ಬಂದಿದ್ದ ಇನ್ನೊಂದು ಸೀಸಿಗೆ ದ್ರಾವಕ ಸುರಿದು, ಆ ದ್ರಾವಣದಿಂದ ಅಮರನಾಥ ಆರು ತಿಂಗಳು ಪ್ರಯೋಗ ಮಾಡಿದ್ದ. ಜೀವಕೋಶಗಳು ರೈಲ್ವೆ ಗೇಟಿನ ಮುಂದಿನ ಲಾರಿಗಳ ಹಾಗೆ ನಿಂತುಬಿಟ್ಟಿದ್ದವು. ಅವನ ಪಿಎಚ್.ಡಿ. ಗೈಡ್ ಲಿಂಗರಾಜ ಸರ್ ಹಿಗ್ಗಿ, ಲೇಖನ ಬರೆಸಿ ವಿಜ್ಞಾನ ಪತ್ರಿಕೆಗೆ ಕಳಿಸಿದ್ದರು.

"ಸಿಂಕಿನ ಪೈಪಿನ್ಯಾಗ ನಿಂತಿರ್ತದ, ಬಿಚ್ಚಿ ನೋಡು," ಎಂದ ಜೊತೆಗಾರ ಶಿವರಾಜ.

ತಲೆ ಕೆಟ್ಟಿದ್ದ ಅಮರನಾಥ ಅಂಗಾತ ಮಲಗಿ ಪೈಪು ಬಿಚ್ಚಿದ. ವಾರದ ಕೊಳೆನೀರು ಮುಖಕ್ಕೆ ಬಿತ್ತು.

ಅಷ್ಟರಲ್ಲಿ ಪಕ್ಕದ ಮೇಜಿನ ಲಾವಣ್ಯ ಉಪಕಾರ ಮಾಡಿ ಮುಗಿಸಿದ್ದಳು. "ಸೀಸಿ ಹಾಳಾಗ್ಯದ, ಇನ್ನೊಂದು ಕಳ್ಸ್ರಿ ಅಂತ ಕಂಪನಿಗಿ ಮೇಲ್ ಹಾಕೀನಿ. ಸರ್‌ಗೂ ಕಾಪಿ ಹೋಗ್ಯದ."

ಅಮರನಾಥ ಒದ್ದೆ ಅಂಗಿಯಲ್ಲಿ ಎದ್ದು ನಿಲ್ಲುವಾಗಲೇ ಲಿಂಗರಾಜ ಸರ್ ಫೋನು ಹಿಡಿದು ಒಳಗೆ ಬಂದರು.

"ತಪ್ಪಾತ್ರಿ ಸರ್. ಟೇಬಲ್ ಮ್ಯಾಲ ಬಿಟ್ಟು ಹೋಗಿದ್ದೆ."

"ಅಂಜಬ್ಯಾಡೋ. ಕಂಪನಿಯವ್ರೇ ಮಾಫಿ ಕೇಳ್ಯಾರ. ದಾಖಲೆ ತೆಗ್ದು ನೋಡಿದ್ರ, ಪ್ಯಾಕ್ ಮಾಡುವಾಗ ಪುಡಿ ಹಾಕೋದೇ ಮರ್ತಿದ್ರಂತ. ಹೊಸದು ಪುಕ್ಕಟೆ ಕಳಸ್ತಾರ."

ಅಮರನಾಥನಿಗೆ ಹೋದ ಜೀವ ಬಂದಂತಾಯಿತು. ಶಿವರಾಜ ಬೆನ್ನು ತಟ್ಟಿದ. ಬಂಡಮ್ಮ ಮಾತ್ರ ಏನೂ ಆಗದವಳಂತೆ ನೆಲ ಒರೆಸುತ್ತಿದ್ದಳು.

ಸರ್ ಕಂಪನಿಯ ಇಮೇಲನ್ನು ಇನ್ನಷ್ಟು ಕೆಳಗೆ ಸರಿಸಿ ಓದಿದರು. ಮುಖದ ನಗು ಅಲ್ಲೇ ನಿಂತಿತು.

"ಎರಡೂ ಸೀಸಿ ಖಾಲಿ ಕಳಿಸ್ಯಾರಂತ."

ಸರ್ ಅಮರನಾಥನತ್ತ ತಿರುಗಿದರು.

"ಹಂಗಾದ್ರ ಆರು ತಿಂಗಳು ನೀ ಹಾಕಿದ್ದೇನು? ಅವು ನಿಂತದ್ದು ಯಾಕ?"

"ಗೊತ್ತಿಲ್ರಿ ಸರ್."

ಸರ್ ಸ್ಟೂಲಿನ ಮೇಲೆ ಕುಸಿದರು. "ಈಗಿಂದೀಗ ಪತ್ರಿಕಿಗಿ ಬರಿ. ಲೇಖನ ವಾಪಸ್ ಬೇಕಂತ ಹೇಳು."

ಅಮರನಾಥ ಲ್ಯಾಪ್‌ಟಾಪ್ ತೆರೆದ. ಪತ್ರಿಕೆಯವರ ಮೇಲ್ ಹತ್ತು ನಿಮಿಷದ ಹಿಂದೆಯೇ ಬಂದು ಕುಳಿತಿತ್ತು: ನಿಮ್ಮ ಲೇಖನ ಇಂದು ಪ್ರಕಟವಾಗಿದೆ, ಅಭಿನಂದನೆಗಳು.