ಉಪ್ಪು ಸಕ್ಕರೆ ಪಂಚಾಯ್ತಿ

ಊರಿಗೆಲ್ಲ ನ್ಯಾಯ ಹೇಳುವ ನನ್ನನ್ನು ರಸಾಯನಶಾಸ್ತ್ರ ಹೀಗೆ ಮಣ್ಣು ಮುಕ್ಕಿಸುತ್ತದೆಂದು ನಾನು ಕನಸಲ್ಲೂ ಎಣಿಸಿರಲಿಲ್ಲ.

ನನ್ನ ಹೆಸರು ಹುಲಿಯಪ್ಪ. ನಮ್ಮೂರು ನನ್ನಿವಾಳದಲ್ಲಿ ತಪ್ಪಿಸಿಕೊಂಡ ಕುರಿಯನ್ನು ಹುಡುಕುವವರು ಬೇರೆ ಇದ್ದಾರೆ. ಸಿಕ್ಕ ಕುರಿ ಯಾರದೆಂದು ಹೇಳುವವನು ನಾನು. ಬದುವಿನ ಜಗಳ, ಅಣ್ಣತಮ್ಮಂದಿರ ಜಗಳ, ಎಲ್ಲವೂ ನಮ್ಮ ಮನೆ ಕಟ್ಟೆಗೆ ಬಂದೇ ಬಗೆಹರಿಯಬೇಕು. ತೀರ್ಪಾದ ಮೇಲೆ ಎರಡೂ ಕಡೆಯವರು ನನ್ನ ಕೈಯಿಂದ ಎಲೆ ಅಡಿಕೆ ತೆಗೆದುಕೊಳ್ಳುತ್ತಾರೆ. ತೆಗೆದುಕೊಂಡರೆ ಒಪ್ಪಿದ ಹಾಗೆ. ಬೇಡವೆಂದವರು ಇದುವರೆಗೆ ಯಾರೂ ಇರಲಿಲ್ಲ. (ಮನೆಯೊಳಗೆ ನನ್ನ ಅಧಿಕಾರ ನಡೆಯುವುದಿಲ್ಲ. ಅದು ನನ್ನ ಹೆಂಡತಿ ಕೊಟ್ರಮ್ಮನ ಸರಹದ್ದು.)

ನಮ್ಮ ಮಗಳು ಶೃತಿಗೆ ದನಕುರಿಗಳ ಡಾಕ್ಟರಾಗುವ ಆಸೆ. ಅದಕ್ಕೆ ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕು ಬೇಕು, ಒಂದು ಮಾರ್ಕು ಹೋದರೂ ಎಷ್ಟೋ ಜನ ಮುಂದೆ ಹೋಗಿಬಿಡುತ್ತಾರಂತೆ. ಸೀಟು ಸಿಗುವುದಿರಲಿ, ಅವಳು ಅರ್ಜಿ ಹಾಕಿದ ದಿನವೇ ನಾನು ಊರಿನ ಕುರಿಗಳಿಗೆಲ್ಲ ಸುದ್ದಿ ಮುಟ್ಟಿಸಿದ್ದೆ.

ಕೆಮಿಸ್ಟ್ರಿ ಪರೀಕ್ಷೆ ಮುಗಿಸಿ ಚಳ್ಳಕೆರೆಯಿಂದ ಬಸ್ಸಿಳಿದವಳೇ, ಜೊತೆಯಲ್ಲಿ ಓದುವ ದುರುಗೇಶನೊಂದಿಗೆ ಕಟ್ಟೆ ಮೇಲೆ ಕೂತು ಉತ್ತರ ತಾಳೆ ನೋಡತೊಡಗಿದಳು. ಅವರ ಮಾತಿನಲ್ಲಿ ನನಗೆ ತಿಳಿದದ್ದು ಎ, ಬಿ, ಸಿ, ಡಿ ಮಾತ್ರ. ಆದರೂ ಪ್ರತಿ ಉತ್ತರಕ್ಕೂ ತಲೆಯಾಡಿಸುತ್ತಾ ಕೂತೆ. ಬಾಯಲ್ಲಿ ಹಿಡಿಸದಂಥ ಹೆಸರುಗಳನ್ನು ನನ್ನ ಮಗಳು ನೀರು ಕುಡಿದ ಹಾಗೆ ಹೇಳುತ್ತಿದ್ದರೆ ಎದೆ ಉಬ್ಬದೇ ಇರುತ್ತದೆಯೇ? ದಾರಿಯಲ್ಲಿ ಹೋಗುವವರಿಗೂ ಕೇಳಲಿ ಅಂತ, "ಸ್ವಲ್ಪ ಜೋರಾಗಿ ಹೇಳವ್ವ" ಅಂದೆ.

ಎಲ್ಲ ಸುಸೂತ್ರವಾಗಿ ಸಾಗಿತ್ತು. ಅಷ್ಟರಲ್ಲಿ ಒಂದು ಪ್ರಶ್ನೆ ಅಡ್ಡ ಬಂತು. ಒಂದೇ ಸಾಂದ್ರತೆಯ ಸಕ್ಕರೆ ನೀರು, ಉಪ್ಪು ನೀರು. ಯಾವುದರ ಕುದಿಬಿಂದು ಹೆಚ್ಚು?

"ಉಪ್ಪಿಂದು" ಅಂದಳು ಶೃತಿ.

"ಎರಡೂ ಸೇಮ್ ಕಣೇ. ಅಳತೆ ಎರಡಕ್ಕೂ ಒಂದೇ ಐತಲ್ಲ" ಅಂದ ದುರುಗೇಶ.

"ಉಪ್ಪು ನೀರಿಗೆ ಬಿದ್ರೆ ಒಂದು ಕಣ ಎರಡಾಗ್ತೈತೆ. ಸಕ್ಕರೆ ಇದ್ದಂಗೇ ಇರ್ತೈತೆ. ಕಣ ಜಾಸ್ತಿ ಆದ್ರೆ ಕುದಿಬಿಂದೂ ಜಾಸ್ತಿ."

"ಇಲ್ಲ, ಸೇಮು."

"ಅಲ್ಲ, ಉಪ್ಪು."

ದನಿ ಏರಿತು. ಜಗಳ ನಮ್ಮ ಕಟ್ಟೆಯ ಮೇಲೇ ನಡೆಯುತ್ತಿರುವಾಗ ಕಟ್ಟೆಯ ಯಜಮಾನ ಸುಮ್ಮನಿರುವುದು ಧರ್ಮವಲ್ಲ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡೆ. ಒಂದು ಕಡೆ ನನ್ನ ಮಗಳೇ ಇದ್ದಾಳೆ, ಹಾಗಾಗಿ ಪಕ್ಷಪಾತದ ಸೋಂಕೂ ತಾಗಬಾರದು. "ಬಾಯಿ ಮಾತು ಬೇಡ. ಸ್ಥಳ ಮಹಜರು ಮಾಡೋಣ ನಡೀರಿ" ಅಂದು ಇಬ್ಬರನ್ನೂ ಅಡುಗೆಮನೆಗೆ ಕರೆದೊಯ್ದೆ.

ಕೊಟ್ರಮ್ಮ ಮುದ್ದೆಗೆ ಎಸರಿಡುತ್ತಿದ್ದಳು. "ಇದೇನ್ರಿ, ಪಂಚಾಯ್ತಿ ಒಲೆ ಮುಂದಕ್ಕೇ ಬಂತು?"

"ಸರ್ಕಾರಿ ಕೆಲಸ ಐತೆ, ಸರಿ ಆಕಡೆ" ಅಂದು ಅವಳ ಎಸರನ್ನು ಕೆಳಗಿಳಿಸಿದೆ. (ಈ ಧೈರ್ಯ ಎಲ್ಲಿಂದ ಬಂತೋ ಈಗಲೂ ಗೊತ್ತಿಲ್ಲ.) ಎರಡು ಪಾತ್ರೆ ತೆಗೆದು ಒಂದೊಂದು ಲೋಟ ನೀರು ಸುರಿದೆ. ಒಂದಕ್ಕೆ ಹಿಡಿ ಉಪ್ಪು, ಇನ್ನೊಂದಕ್ಕೆ ಹಿಡಿ ಸಕ್ಕರೆ. ಎರಡೂ ನನ್ನದೇ ಹಿಡಿ, ಮೋಸಕ್ಕೆ ಎಡೆಯೇ ಇಲ್ಲ. ಉಪ್ಪಿನ ಪಾತ್ರೆ ಗ್ಯಾಸಿನ ಎಡಕ್ಕೆ, ಸಕ್ಕರೆಯದು ಬಲಕ್ಕೆ.

"ಅಪ್ಪಾ, ಹಿಂಗೆ ಅಳೆದ್ರೆ ಆಗಲ್ಲ. ಅದೂ ಅಲ್ದೆ..." ಅಂದಳು ಶೃತಿ.

"ಸಾಕ್ಷಿ ನಡೆಯುವಾಗ ಮಾತಾಡ್ಬಾರ್ದು" ಅಂದೆ.

ಉಪ್ಪಿನ ನೀರು ಮೊದಲು ಕೊತಕೊತ ಕುದಿಯಿತು. ಸಕ್ಕರೆಯದು ಇನ್ನೂ ತೆಪ್ಪಗಿತ್ತು. ತಡವಾಗಿ ಕುದಿಯುವುದರ ಕುದಿಬಿಂದು ತಾನೇ ಹೆಚ್ಚು? ಗಂಟಲು ಸರಿ ಮಾಡಿಕೊಂಡು ತೀರ್ಪು ಕೊಟ್ಟೆ. "ಸಕ್ಕರೆದು ಹೆಚ್ಚು. ಇಬ್ಬರು ಬರೆದಿದ್ದೂ ತಪ್ಪು."

ದುರುಗೇಶನ ಮುಖ ಸಪ್ಪಗಾಯಿತು. "ದೊಡ್ಡಪ್ಪ, ಒಬ್ಬರದಾದ್ರೂ ಸರಿ ಮಾಡ್ರಿ" ಎಂದು ಗೋಗರೆದ. ಆಗುವುದಿಲ್ಲವೆಂದು ಎಲೆ ಅಡಿಕೆ ಚಾಚಿದೆ. ಪಾಪ, ತೆಗೆದುಕೊಂಡ. ಶೃತಿಯ ಕಡೆ ಚಾಚಿದೆ. ಅವಳು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ನಾನು ಒಪ್ಪಲ್ಲಪ್ಪ. ಎಡಗಡೆ ಒಲೆ ದೊಡ್ಡದು, ಬಲಗಡೇದು ಸಣ್ಣದು. ಉರಿ ಒಂದೇ ಅಲ್ಲ, ನಿನ್ನ ತೀರ್ಪೂ ಸರಿ ಅಲ್ಲ. ನನ್ನ ಉತ್ತರ ಉಪ್ಪೇ."

ನನಗೆ ಸಿಟ್ಟು ನೆತ್ತಿಗೇರಿತು. ಊರಿನ ಮೀಸೆ ಹೊತ್ತ ಗಂಡಸರೇ ತಲೆತಗ್ಗಿಸಿ ತೆಗೆದುಕೊಂಡ ಎಲೆ ಅಡಿಕೆ ಅದು. ಆದರೆ ಸಿಟ್ಟಿನ ಜೊತೆಗೇ ಇನ್ನೇನೋ ಏರಿತು. ದನಿ ನಡುಗಿಸದೆ, ಕಣ್ಣು ತಗ್ಗಿಸದೆ ನಿಂತಿದ್ದಳಲ್ಲ, ಇವಳು ನನ್ನ ಮಗಳು ಅಂತ ಬೀದಿಗೆ ಹೋಗಿ ಕೂಗಬೇಕೆನ್ನಿಸಿತು. ಕೂಗಲಿಲ್ಲ, ಯಾಕೆಂದರೆ ಅವಳು ಸರಿಯೆಂದರೆ ನಾನು ತಪ್ಪಾಗುತ್ತಿದ್ದೆ. ಉಪ್ಪಿನ ಕಡೆಯ ಉರಿಯನ್ನು ಆಗಲೇ ಆರಿಸಿದ್ದೆ, ಆದರೆ ಈ ವಾದದ ಗಲಾಟೆಯಲ್ಲಿ ಸಕ್ಕರೆ ನೀರು ಬತ್ತಿ, ಪಾಕವಾಗಿ, ಕರ್ರಗೆ ಸೀದು ಪಾತ್ರೆಗೆ ಅಂಟಿಕೊಂಡಿತು.

"ತೀರ್ಪು ಕೊಟ್ಟೋರೇ ಉಜ್ಜಬೇಕು" ಅಂದಳು ಕೊಟ್ರಮ್ಮ. ಅದಕ್ಕೆ ಮೇಲ್ಮನವಿ ಇರಲಿಲ್ಲ.

ಕೆಲವು ದಿನ ಕಳೆದು ಸರ್ಕಾರದ ಉತ್ತರಗಳು ಮೊಬೈಲಿಗೆ ಬಂದವು. ದುರುಗೇಶನೇ ಓಡಿ ಬಂದು ಹೇಳಿದ, ಉಪ್ಪು. ಬೇರೆ ಉತ್ತರಗಳನ್ನೂ ತಾಳೆ ನೋಡಿದ ಶೃತಿಯ ಮುಖ ಅರಳಿತು. ಸೀಟಿನ ಆಸೆ ಗಟ್ಟಿಯಾಯಿತು. ನಾನು ಸಂಜೆಯವರೆಗೆ ಸಿಕ್ಕಸಿಕ್ಕವರಿಗೆಲ್ಲ, ಊರಿನ ದೊಡ್ಡ ನ್ಯಾಯಗಾರನ ತೀರ್ಪನ್ನೇ ನನ್ನ ಮಗಳು ತಿರುಗಿಸಿ ಹಾಕಿದ ಕಥೆ ಹೇಳಿದೆ. ಆ ನ್ಯಾಯಗಾರ ಯಾರು ಎನ್ನುವುದು ಹೇಳುವ ಭರದಲ್ಲಿ ಮರೆತೇ ಹೋಗಿತ್ತು.

ಮರುದಿನ ಬೆಳಿಗ್ಗೆ ಕ್ಯಾತಪ್ಪನೂ ಅವನ ತಮ್ಮ ಈರೇಶನೂ ಒಂದು ಕುರಿಯನ್ನು ಎಳೆದುಕೊಂಡು ಬಂದರು. ಕ್ಯಾತಪ್ಪ ಅದು ತನ್ನ ಮುದಿ ಕುರಿ ಅಂತಾನೆ, ಈರೇಶ ತಾನು ಹೋದ ವರ್ಷ ಸಾಕಿದ ಮರಿ ಅಂತಾನೆ. ನಾನು ಟವೆಲ್ಲು ಕೊಡವಿ ಕಟ್ಟೆ ಮೇಲೆ ಕೂತೆ.

"ನೀವಲ್ಲ ಹುಲಿಯಪ್ಪಣ್ಣ" ಅಂದ ಕ್ಯಾತಪ್ಪ ಸಂಕೋಚದಿಂದ. "ಮಗಳು ಅದಾಳಾ?"

"ಅವಳಾ?"

"ನಿಮ್ಮ ತಪ್ಪನ್ನೇ ನಿಮ್ಮ ಮುಖದ ಮುಂದೆ ಹೇಳಿದ ಹುಡುಗಿ. ನಮ್ಮಿಬ್ಬರಲ್ಲಿ ಯಾರದು ತಪ್ಪಿದ್ರೂ ಹೇಳ್ತಾಳೆ."

ಕಟ್ಟೆಯಿಂದ ಎದ್ದು ಒಳಗೆ ಹೋಗಿ ನಾನೇ ಅವಳನ್ನು ಕರೆದುಕೊಂಡು ಬಂದೆ. ಶೃತಿ ಕುರಿಯ ಸುತ್ತ ಒಮ್ಮೆ ನಡೆದಳು, ಯಾರ ಮಾತನ್ನೂ ಕೇಳಲಿಲ್ಲ.

"ಹಲ್ಲು ನೋಡಿದ್ರೆ ವಯಸ್ಸು ತಿಳಿತೈತೆ" ಅಂದಳು. "ಅಪ್ಪಾ, ಇದರ ಬಾಯಿ ಅಗಲಿಸಿ ಹಿಡ್ಕೋ. ಮಧ್ಯೆ ಮಾತಾಡಬೇಡ."

ಬೀದಿಯ ಜನ ಕಟ್ಟೆಯ ಸುತ್ತ ಸೇರುತ್ತಿದ್ದರು. ನಾನು ಎದೆ ಉಬ್ಬಿಸಿಕೊಂಡು ಮಂಡಿಯೂರಿ ಕೂತು, ಕುರಿಯ ಬಾಯಿ ಅಗಲಿಸಿ ಹಿಡಿದೆ.