ಎಲ್ಲರಿಗೂ ಬೈ ಟು

ಎಂಜಲು ಕೈಯಲ್ಲಿ ಕಾಗೆ ಓಡಿಸದ ಮೋಹನ್ ಮೇಷ್ಟ್ರ ಪಾಲಿಗೆ, ಹೋಟೆಲಿನಲ್ಲಿ ಟಿಪ್ಸ್ ಕೊಡುವುದು ಹೇಗೆಂದು ಮಕ್ಕಳಿಗೆ ಕಲಿಸುವ ಕೆಲಸ ಬಂತು. ಎಂಟನೇ ಕ್ಲಾಸಿನ ಗಣಿತಕ್ಕೆ ಶಾಲೆಯವರು ಹೊಸದಾಗಿ ಸೇರಿಸಿದ ಪಾಠವದು. ಬಿಲ್ಲು ಹಂಚಿಕೊಳ್ಳಬೇಕು, ಶೇಕಡಾ ಹತ್ತು ಟಿಪ್ಸ್ ಲೆಕ್ಕ ಹಾಕಬೇಕು. ಮಂಡ್ಯ ಬಿಟ್ಟು ಚೆನ್ನೈಗೆ ಬಂದ ಮೇಲೆ ಬಿಲ್ಲಿನ ತಟ್ಟೆಯಲ್ಲಿ ಈ ಮಹಾಶಯ ಬಿಟ್ಟುಬಂದದ್ದು ಸೋಂಪು ಮಾತ್ರ, ಅದೂ ಜೇಬು ತುಂಬಿಸಿಕೊಂಡು ಉಳಿದದ್ದು.

ಆದರೂ ಮೇಷ್ಟ್ರು ಹಿಂಜರಿಯಲಿಲ್ಲ. ವಡಪಳನಿಯ ಮನೆಯಲ್ಲಿ ಸಂಜೆ ಟ್ಯೂಷನ್ ಶುರುಮಾಡುವ ಹುನ್ನಾರವಿತ್ತು. ಫೀಸು ತಿಂಗಳಿಗೆ ಎರಡು ಸಾವಿರ. ಹತ್ತು ಮಕ್ಕಳ ತಾಯಂದಿರು 'ನೋಡೋಣ' ಎಂದಿದ್ದರು. ಆ ಹತ್ತು ಮಕ್ಕಳನ್ನೇ ಹೋಟೆಲಿಗೆ ಕರೆದೊಯ್ದು ಪಾಠ ಹೇಳಿ ಮೆಚ್ಚಿಸಿದರೆ ಸಂಜೆಗೆ ಇಪ್ಪತ್ತು ಸಾವಿರ ಮನೆಬಾಗಿಲಿಗೆ. ತಿಂಡಿಯ ಬಿಲ್ಲು ಮಕ್ಕಳದೇ, ಹಂಚಿಕೊಂಡು ಕೊಡುವುದೇ ತಾನೆ ಪಾಠ.

ಕರೆಯದೆ ಬಂದವರು ಜಯಲಕ್ಷ್ಮೀ ಮೇಡಂ. ತ್ರಿಪ್ಲಿಕೇನಿನಲ್ಲಿ ಮೂರು ತಲೆಮಾರಿನಿಂದ ನೆಲೆಸಿದ ಕನ್ನಡದವರು, ಅದೇ ಶಾಲೆಯ ಟೀಚರು, ಊರ ಉಸಾಬರಿಯೆಲ್ಲ ಅವರದೇ.

ಬೆಳಿಗ್ಗೆ ಹೋಟೆಲಿನಲ್ಲಿ ಟೇಬಲ್ಲು ಸಿಕ್ಕಿದ್ದೇ ಮೇಷ್ಟ್ರು ಪಾಠ ಶುರುಮಾಡಿದರು. ಕನ್ನಡ ಅರ್ಥವಾಗುತ್ತಿದ್ದದ್ದು ತೇಜು ಎಂಬ ಹುಡುಗಿಗೆ ಮಾತ್ರ, ಉತ್ತರ ಅವಳದು ತಮಿಳಿನಲ್ಲೇ.

"ನೋಡು ತೇಜು, ಒಂದು ತಗೊಂಡು ಹಂಚ್ಕೊಳ್ಳೋದು ಜಾಣರ ಲಕ್ಷಣ. ನಮ್ಮ ಕಡೆ ಅದನ್ನ ಬೈ ಟು ಅಂತಾರೆ. ಎಲ್ರಿಗೂ ಹೇಳಮ್ಮ."

ಆಮೇಲೆ ಸರ್ವರ್ ಕಡೆ ತಿರುಗಿ, ಹತ್ತು ಮಕ್ಕಳತ್ತ ಕೈ ತೋರಿಸಿ, ತಮ್ಮ ಅರೆಬೆಂದ ತಮಿಳಿನಲ್ಲಿ ಆರ್ಡರ್ ಮಾಡಿದರು. "ಎಲ್ಲಾರುಕ್ಕುಂ ವಡೆ, ಕಾಪಿ. ಬೈ ಟು."

ಅಸ್ಸಾಮಿನಿಂದ ಮೊನ್ನೆಯಷ್ಟೇ ಬಂದಿದ್ದ ಸರ್ವರ್ ತಲೆಯಾಡಿಸಿ ಹೋದ. ಬರುವಾಗ ಇಪ್ಪತ್ತು ವಡೆ, ಇಪ್ಪತ್ತು ಕಾಫಿ ತಂದ. ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಮಕ್ಕಳು ಎಲ್ಲ ವಡೆಯನ್ನೂ ಸಾಂಬಾರಿನಲ್ಲಿ ಮುಳುಗಿಸಿಯಾಗಿತ್ತು.

"ಏನ್ರೀ ಇದು, ಅರ್ಧರ್ಧ ಅಂದ್ರೆ ಎರಡೆರಡು ತಂದ್ನಲ್ಲ," ಎಂದು ಮೇಷ್ಟ್ರು ಗೋಳಾಡಿದರು.

"ಮೋಹನ್ ಸಾರ್, ಅವನ ಕಿವಿಗೆ ಅದು ಇಂಗ್ಲಿಷಿನ ಕೊಳ್ಳೋ 'ಬೈ'. ತಲೆಗೆ ರೆಂಡು ವಾಂಗು ಅಂತ, ಅಂದ್ರೆ ಎರಡೆರಡು ಕೊಂಡ್ಕೊಳ್ಳಿ ಅಂತ," ಎಂದ ಜಯಲಕ್ಷ್ಮೀ ಮಕ್ಕಳಿಗೆ ಹೆಚ್ಚಾದ ಕಾಫಿಯೊಂದನ್ನು ತಮ್ಮತ್ತ ಎಳೆದುಕೊಂಡರು.

ಬಿಲ್ಲು ಒಂದೂವರೆ ಸಾವಿರ ಬಂತು. ಮಕ್ಕಳು ಗಿಳಿಗಳಂತೆ ಒಪ್ಪಿಸಿದರು: ಟಿಪ್ಸ್ ನೂರೈವತ್ತು, ತಲಾ ನೂರ ಅರವತ್ತೈದು.

"ಶಾಭಾಸ್. ಕೊಡಿ ಹಾಗಾದ್ರೆ," ಎಂದು ಮೇಷ್ಟ್ರು ಕೈ ಚಾಚಿದರು.

"ಮಕ್ಕಳ ಹತ್ರ ಯಾಕೆ ಕೇಳ್ತೀರಿ?" ಜಯಲಕ್ಷ್ಮೀ ಅಡ್ಡ ಬಂದರು. "ಇವತ್ತು ಸಾರ್ ಟ್ರೀಟ್ ಅಂತ ಅಮ್ಮಂದಿರ ವಾಟ್ಸಾಪ್ ಗ್ರೂಪಲ್ಲಿ ಆಗ್ಲೇ ಹಾಕ್ಬಿಟ್ಟೆ. ಎಲ್ಲಾ ನಿಮ್ಮ ಟ್ಯೂಷನ್‌ಗೋಸ್ಕರ ತಾನೆ."

ಇಪ್ಪತ್ತು ಸಾವಿರವನ್ನು ಮನಸ್ಸಿನಲ್ಲಿ ನೆನೆದುಕೊಂಡು, ಹಲ್ಲು ಕೀಳಿಸಿಕೊಳ್ಳುವವರ ಮುಖ ಮಾಡಿ, ಮೇಷ್ಟ್ರು ಪೂರ್ತಿ ದುಡ್ಡು ತೆತ್ತರು. ಟಿಪ್ಸನ್ನೂ ಮಕ್ಕಳೆದುರಿಗೆ ಇಡಲೇಬೇಕಾಯಿತು. ಅಂದು ತಟ್ಟೆಯ ಸೋಂಪನ್ನು ಮುಟ್ಟುವ ಚೈತನ್ಯವೂ ಉಳಿದಿರಲಿಲ್ಲ.

ಸಂಜೆ ಮನೆಯ ಬೆಲ್ ಆಯಿತು. ಬಾಗಿಲಲ್ಲಿ ಹತ್ತೂ ಮಕ್ಕಳು, ತೇಜುವಿನ ಕೈಯಲ್ಲಿ ಕವರು. ಮೇಷ್ಟ್ರ ಜೀವ ತಂಪಾಯಿತು. ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕೂರುತ್ತಿದ್ದಂತೆ ಕವರು ಬಿಚ್ಚಿ ಎಣಿಸಿದರು. ಎರಡು ಸಾವಿರದ ಇನ್ನೂರು.

"ಮಿಕ್ಕಿದ್ದೆಲ್ಲಮ್ಮ?"

"ಅವ್ವಳವು ದಾನ್ ಸಾರ್," ಇರುವುದು ಅಷ್ಟೇ ಎಂದಳು ತೇಜು. "ಒರು ಟ್ಯೂಷನ್, ಒನ್ ಬೈ ಟೆನ್. ಕಾಲೈಲ ನೀಂಗ ದಾನೇ ಸೊನ್ನೀಂಗ."

ಒಂದು ತಗೊಂಡು ಹಂಚಿಕೊಳ್ಳುವುದು ಜಾಣರ ಲಕ್ಷಣವೆಂದು ಬೆಳಿಗ್ಗೆ ಹೇಳಿದ್ದು ತಾವೇ. ಮೇಷ್ಟ್ರು ತಡವರಿಸುತ್ತ ಕೇಳಿದರು, "ಮತ್ತೆ ಈ ಇನ್ನೂರು?"

"ಟಿಪ್ಸ್ ಸಾರ್. ಟೆನ್ ಪರ್ಸೆಂಟ್. ಕಣಕ್ಕು ಕರೆಕ್ಟಾ?"

ಮೇಷ್ಟ್ರು ಮತ್ತೊಮ್ಮೆ ಎಣಿಸಿದರು. ಲೆಕ್ಕ ಸರಿಯಾಗಿಯೇ ಇತ್ತು.